ಕೆಲಸ ಕೊಟ್ಟಿದ್ದು, ತೋಟ ಕೊಟ್ಟಿದ್ದಲ್ಲ: ಅಪ್ಪಯ್ಯನ ಅಧಿಕಾರ ಪತ್ರದ ಪ್ರಕರಣ

2023ರ ದೀಪಾವಳಿ ಮುಗಿದ ವಾರ, ನಮ್ಮ ತೋಟದ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನಮ್ಮ ಮನೆ ಜಗಲಿಗೆ ಬಂದು ಅಪ್ಪಯ್ಯನ ಮುಂದೆ ಒಂದು ಚೆಕ್ಕು ಇಟ್ಟ. "ಮೇಷ್ಟ್ರೇ, ಇದು ವಾಪಸ್ ಬಂತು. ಅಲ್ಲದೆ ಈ ದುಡ್ಡು ನೀವು ಹೋದ ವಾರವೇ ಕೊಟ್ಟಾಗಿದೆ" ಅಂದ. ಒಂದೇ ಕೂಲಿಗೆ ಎರಡು ಚೆಕ್ಕು. ಮೊದಲನೆಯದು ಪಾಸಾಗಿತ್ತು. ಎರಡನೆಯದನ್ನು ಸಹಿ ತಾಳೆಯಾಗುತ್ತಿಲ್ಲ ಎಂದು ಬ್ಯಾಂಕು ಹಿಂದಿರುಗಿಸಿತ್ತು. ಅವತ್ತು ರಾತ್ರಿ ನನ್ನ ಹಳೆಯ ಶಾಲೆಯ ಪ್ರಗತಿ ಪತ್ರ ಹುಡುಕಿ ತೆಗೆದು, ಪೋಷಕರ ಸಹಿಯ ಪಕ್ಕ ಈ ಚೆಕ್ಕನ್ನು ಇಟ್ಟು ನೋಡಿದೆ. ಅಪ್ಪಯ್ಯನದು ಕನ್ನಡ ಸಹಿ. ಕೊನೆಯ ಅಕ್ಷರದ ಒತ್ತು ಕೆಳಗಿಳಿದು, ಎಡಕ್ಕೆ ಬಳಸಿ, ಇಡೀ ಹೆಸರಿಗೆ ಅಡಿಗೆರೆಯಾಗುತ್ತಿತ್ತು. ಚೆಕ್ಕಿನ ಮೇಲೆ ಆ ಒತ್ತು ಅರ್ಧಕ್ಕೇ ನಿಂತಿತ್ತು. ಎಲ್ಲಿಗೆ ಹೋಗಬೇಕೆಂದು ಮರೆತು ದಾರಿಯಲ್ಲಿ ನಿಂತವರ ಹಾಗೆ.

ಅಪ್ಪಯ್ಯನಿಗೆ ಆಗ 79. ಸಾಗರ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು 2002ರಲ್ಲಿ ನಿವೃತ್ತರಾದವರು. ಸಂಬಳದ ದುಡ್ಡಿನಲ್ಲಿ ಕೊಂಡ 2 ಎಕರೆ 10 ಗುಂಟೆ ಅಡಿಕೆ ತೋಟ, ಒಂದು ಹೆಂಚಿನ ಮನೆ, ಪಿಂಚಣಿ, ಸೊಸೈಟಿಯಲ್ಲಿ ಬೆಳೆ ಸಾಲ. ಎಲ್ಲವೂ ಅವರೊಬ್ಬರ ಹೆಸರಿನಲ್ಲಿ. ಅಮ್ಮನಿಗೆ 72. ಅಣ್ಣ ಅಮೆರಿಕದ ನ್ಯೂಜೆರ್ಸಿಯಲ್ಲಿ. ನಾನು ಶಿವಮೊಗ್ಗದಲ್ಲಿ, ಒಂದೂವರೆ ಗಂಟೆಯ ದಾರಿ. ತೋಟ ಸ್ವಯಾರ್ಜಿತ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಿತ್ರಾರ್ಜಿತವಾಗಿದ್ದರೆ ಮುಂದಿನ ಎಷ್ಟೋ ಮಾತು ಬೇರೆಯಾಗುತ್ತಿತ್ತು.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ವಯಸ್ಸಾದವರಿದ್ದ ಮನೆಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ಒಂದು ಜಿಪಿಎ ಮಾಡಿಸಿಕೊಂಡುಬಿಡಿ." ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ತನ್ನ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. ನಾವೂ ಹಾಗೇ ಅಂದುಕೊಂಡಿದ್ದೆವು. ಆ ಪತ್ರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅತ್ತೆಯ ಠೇವಣಿ

ನಮ್ಮನ್ನು ಹೆದರಿಸಿದ್ದು ಚೆಕ್ಕೊಂದೇ ಅಲ್ಲ. ಅದಕ್ಕೆ ಒಂದು ವರ್ಷ ಮೊದಲು ಸೋದರತ್ತೆಯ ವಿಷಯದಲ್ಲಿ ಪೆಟ್ಟು ತಿಂದಿದ್ದೆವು.

ಅತ್ತೆ ಅಪ್ಪಯ್ಯನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವರು. ಅವರ ಹೆಸರಿನಲ್ಲಿ 6 ಲಕ್ಷದ ಠೇವಣಿ ಇತ್ತು. 2022ರ ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಾತು ತೊದಲುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ದುಡ್ಡು ಬೇಕಾದಾಗ ಬ್ಯಾಂಕಿನ ಅಧಿಕಾರಿಯೇ ಮನೆಗೆ ಬಂದರು. ಸಹಿ ಹಾಕಲಾಗದ ಖಾತೆದಾರರಿಂದ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ಪಡೆಯಬಹುದು. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ರಿಸರ್ವ್ ಬ್ಯಾಂಕಿನ ಸೂಚನೆ ಇರುವುದೇ ಹಾಗೆ. ಅತ್ತೆ ಎಡಗೈ ಹೆಬ್ಬೆಟ್ಟು ಒತ್ತಿದರು, 80 ಸಾವಿರ ಕೈಗೆ ಬಂತು. ಹೊರಡುವಾಗ ಆ ಅಧಿಕಾರಿ, "ಇನ್ನೊಬ್ಬರ ಹೆಸರು ಸೇರಿಸಿಬಿಡಿ, ಮುಂದೆ ಕಷ್ಟ ಆಗಬಾರದು" ಅಂದರು. ಮಳೆಗಾಲ ಕಳೆಯಲಿ ನೋಡೋಣ ಅಂದೆವು.

ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಬಡಿಯಿತು. 19 ದಿನ ಐಸಿಯು. ಪ್ರಜ್ಞೆ ಮರಳಲಿಲ್ಲ. ಪ್ರಜ್ಞೆಯಿಲ್ಲದವರ ಹೆಬ್ಬೆಟ್ಟು ಹಿಡಿದು ಒತ್ತಿಸುವುದು ತಪ್ಪು; ನಾವು ಕೇಳಲೂ ಇಲ್ಲ, ಅವರು ಕೊಡುತ್ತಲೂ ಇರಲಿಲ್ಲ. ಆಸ್ಪತ್ರೆಯ ಬಿಲ್ಲು 4 ಲಕ್ಷ 60 ಸಾವಿರ. ಅತ್ತೆಯ ದುಡ್ಡು ಅತ್ತೆಗೇ ಆಗಲಿಲ್ಲ. ಅಮ್ಮನ ಬಂಗಾರ ಗಿರವಿಗೆ ಹೋಯಿತು. ಅತ್ತೆ ತೀರಿಕೊಂಡ ಮೇಲೆ ನಾಮಿನಿಯಾಗಿದ್ದ ಅಪ್ಪಯ್ಯನಿಗೆ ಠೇವಣಿ ಸಲೀಸಾಗಿ ಬಂತು. ಆ ದುಡ್ಡು ನೋಡಿ ಅಪ್ಪಯ್ಯ ಅತ್ತಿದ್ದು ನನಗೆ ನೆನಪಿದೆ.

ಆರು ಪುಟದ ಕರಡು

ಚೆಕ್ಕಿನ ಸುದ್ದಿ ಕೇಳಿದ ಅಣ್ಣ ಮರುದಿನವೇ ಫೋನ್ ಮಾಡಿ, ಜಿಪಿಎ ನಿನ್ನ ಹೆಸರಿಗೆ ಮಾಡಿಸು ಅಂದ. ನಾನು ಸಾಗರದಲ್ಲಿ ಒಬ್ಬ ಪತ್ರ ಬರಹಗಾರರ ಹತ್ತಿರ ಹೋದೆ. ಅವರ ಕಂಪ್ಯೂಟರಿನಲ್ಲಿ ಕರಡು ಸಿದ್ಧವೇ ಇತ್ತು. ಹೆಸರು, ಸರ್ವೆ ನಂಬರು, ಚಕ್ಕುಬಂದಿ ತುಂಬಿಸಿ ಆರು ಪುಟ ಕೊಟ್ಟರು. ಸ್ವತ್ತನ್ನು ಮಾರಲು, ಮುಂಗಡ ಪಡೆಯಲು, ಅಡವಿಡಲು, ಭೋಗ್ಯಕ್ಕೆ ಹಾಕಲು, ಕ್ರಯಪತ್ರ ಬರೆದುಕೊಟ್ಟು ಸಬ್ ರಿಜಿಸ್ಟ್ರಾರ್ ಮುಂದೆ ಒಪ್ಪಿಕೊಳ್ಳಲು, ಹೀಗೆ ಎಲ್ಲವೂ ಅದರಲ್ಲಿ. ಕೊನೆಗೆ, "ನೀವು ಮಾಡುವ ಸಕಲ ಕಾರ್ಯಗಳೂ ನಾನೇ ಖುದ್ದಾಗಿ ಮಾಡಿದಂತೆ ಬದ್ಧವಾಗಿರುತ್ತವೆ." ಅಣ್ಣ ಅಲ್ಲಿಂದ ಒಂದು ಸಾಲು ಸೇರಿಸಲು ಹೇಳಿದ: ನನ್ನ ಬುದ್ಧಿ ಸ್ವಾಧೀನ ತಪ್ಪಿದರೂ ಈ ಅಧಿಕಾರ ಮುಂದುವರಿಯತಕ್ಕದ್ದು. ಅವನಿರುವಲ್ಲಿ ಅದಕ್ಕೆ ಡ್ಯೂರಬಲ್ ಪವರ್ ಆಫ್ ಅಟಾರ್ನಿ ಎನ್ನುತ್ತಾರಂತೆ.

ರಾತ್ರಿ ಊಟವಾದ ಮೇಲೆ ಅಪ್ಪಯ್ಯನಿಗೆ ಆರೂ ಪುಟ ಓದಿ ಹೇಳಿದೆ. ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇಷ್ಟೆಲ್ಲ ಬರೆದುಕೊಟ್ಟ ಮೇಲೆ ನನಗೆ ಉಳಿಯೋದು ಎಂತ, ಕೂಸೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುದುಕರಿಗೆ ಸಹಾಯವಾಗಲಿ ಎಂದು ಮಾಡಿಸುವ ಪತ್ರದಲ್ಲಿ ಅವರಿಗೇ ಏನೂ ಉಳಿಯದ ಹಾಗೆ ಬರೆದಿದ್ದೆವು. ಮಕ್ಕಳ ಮೇಲೆ ನಂಬಿಕೆ ಇಲ್ಲವೇ ಎಂದು ಬೇಸರಿಸಿಕೊಳ್ಳುವುದು ಸುಲಭ. ನನಗೂ ಆ ಕ್ಷಣ ಹಾಗನ್ನಿಸಿತು. ಆದರೆ ಅವರು ಕೇಳಿದ್ದು ನಂಬಿಕೆಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ.

ವಕೀಲರು ಕೇಳಿದ್ದು

ಆ ಕರಡು ಹಿಡಿದು ವಕೀಲರೊಬ್ಬರ ಹತ್ತಿರ ಹೋದೆವು. ಅವರೂ ಅಪ್ಪಯ್ಯನ ಶಿಷ್ಯರೇ. ಓದಿ ನೋಡಿ ಮೊದಲು ಕೇಳಿದ್ದು ನನ್ನನ್ನು: "ಇದು ಏನು ಅಂತ ಮೇಷ್ಟ್ರಿಗೆ ಗೊತ್ತಾಗುತ್ತಾ? ಸಹಿ ಹಾಕುವ ಹೊತ್ತಿನಲ್ಲಿ ಗೊತ್ತಾದರೆ ಸಾಕು." 1872ರ ಕರಾರು ಕಾಯ್ದೆಯ 12ನೇ ಕಲಮು ಹೇಳುವುದು ಅದನ್ನೇ. ಒಪ್ಪಂದ ಮಾಡುವ ಹೊತ್ತಿನಲ್ಲಿ ಅದನ್ನು ಅರಿತು, ತನ್ನ ಹಿತ ಏನೆಂದು ತೂಗಿ ನೋಡುವ ಶಕ್ತಿ ಇರಬೇಕು. ಆಗಾಗ ಮರೆವು ಬರುವವರೂ ತಿಳಿಯಾಗಿರುವ ಹೊತ್ತಿನಲ್ಲಿ ಪತ್ರ ಮಾಡಬಹುದು. ಮರೆವು ಬಂತು, ಇನ್ನು ಏನೂ ಆಗುವುದಿಲ್ಲ ಎಂದು ಕೈಚೆಲ್ಲಬೇಕಿಲ್ಲ.

ಎರಡನೆಯದಾಗಿ ಅಣ್ಣ ಸೇರಿಸಿದ ಸಾಲಿಗೆ ಅವರು ಗೆರೆ ಎಳೆದರು. "ಬರೆದರೆ ಬರೆಯಬಹುದು, ನಮ್ಮಲ್ಲಿ ಇದಕ್ಕೆ ಬಲ ಇಲ್ಲ." ಅದೇ ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೂ ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯಿಂದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಎಂಬುದು ಬಂದಿದೆ, ಅಮೆರಿಕದ ರಾಜ್ಯಗಳಲ್ಲಿ ಡ್ಯೂರಬಲ್ ಇದೆ. ನಮ್ಮ 1882ರ ಅಧಿಕಾರ ಪತ್ರಗಳ ಕಾಯ್ದೆಯಲ್ಲಿ ಅಂಥದ್ದು ಇಲ್ಲ.

ನಾನು ಅತ್ತೆಯ ಕಥೆ ಹೇಳಿದೆ. ಅವರು ಹೇಳಿದ ಉತ್ತರ ಈಗಲೂ ಕಿವಿಯಲ್ಲಿದೆ: "ಅತ್ತೆ ಜಿಪಿಎ ಕೊಟ್ಟಿದ್ದರೂ ಆಸ್ಪತ್ರೆಯ ಆ 19 ದಿನ ಅದು ನಡೆಯುತ್ತಿರಲಿಲ್ಲ. ಜಂಟಿ ಖಾತೆ ಇದ್ದಿದ್ದರೆ ನಡೆಯುತ್ತಿತ್ತು."

ಅಂದರೆ ಯಾವ ದಿನಕ್ಕೆಂದು ನಾವು ಈ ಪತ್ರ ಮಾಡಿಸಲು ಹೊರಟಿದ್ದೆವೋ ಆ ದಿನಕ್ಕೇ ಅದು ಒದಗುವುದಿಲ್ಲ. ಕಾಲು ಸೋತವರಿಗೆ, ಕಣ್ಣು ಮಂಜಾದವರಿಗೆ, ಕಚೇರಿ ಮೆಟ್ಟಿಲು ಹತ್ತಲಾಗದವರಿಗೆ ಅಧಿಕಾರ ಪತ್ರ ಒಳ್ಳೆಯ ಊರುಗೋಲು. ಬುದ್ಧಿ ಮಂಜಾದ ಮೇಲಿನ ಕಾಲಕ್ಕೆ ಬೇರೆ ಏರ್ಪಾಡು ಬೇಕು, ಅದನ್ನೂ ಬುದ್ಧಿ ತಿಳಿಯಾಗಿರುವಾಗಲೇ ಮಾಡಿಕೊಳ್ಳಬೇಕು.

ಮಾರುವ ಅಧಿಕಾರದ ಬಗ್ಗೆ ಪತ್ರ ಬರಹಗಾರರು ಒಂದು ಮಾತು ಹೇಳಿದ್ದರು: ನಾಳೆ ಗಿರಾಕಿ ಬಂದರೆ ಜಿಪಿಎ ಮೇಲೇ ಕೈ ಬದಲಾಯಿಸಬಹುದು ಎಂದು. ವಕೀಲರು ತಲೆಯಾಡಿಸಿದರು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆದಾಗಿದೆ. ಜಿಪಿಎ, ಕ್ರಯದ ಕರಾರು, ವಿಲ್ ಮೂರನ್ನೂ ಸೇರಿಸಿ ಕೊಟ್ಟರೂ ಮಾಲೀಕತ್ವ ಹೋಗುವುದಿಲ್ಲ. ನೋಂದಾಯಿತ ಕ್ರಯಪತ್ರವೇ ಆಗಬೇಕು. ಅಧಿಕಾರ ಪಡೆದವರು ಕೊಟ್ಟವರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕುವುದು ಬೇರೆ, ಜಿಪಿಎಯನ್ನೇ ಕ್ರಯ ಅಂದುಕೊಳ್ಳುವುದು ಬೇರೆ.

100ರಿಂದ ಏಳೇಳು

2024ರ ಜನವರಿಯಲ್ಲಿ ಅಪ್ಪಯ್ಯನನ್ನು ಶಿವಮೊಗ್ಗದ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಮೊದಲು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು: ಸೇಬು, ಮೇಜು, ನಾಣ್ಯ. ಆಮೇಲೆ 100ರಿಂದ ಏಳನ್ನು ಕಳೆಯುತ್ತಾ ಹೋಗಿ ಅಂದರು. ಐದು ಸಲ ಕಳೆದರೆ ಸಾಕು. ಅಪ್ಪಯ್ಯ ನಿಲ್ಲಿಸಲಿಲ್ಲ. 93, 86, 79, 72, 65 ದಾಟಿ 58, 51, 44 ಎಂದು ಕೆಳಗಿಳಿಯುತ್ತಲೇ ಹೋದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳುತ್ತಾ ಕುಳಿತರು. 9, 2. "ಶೇಷ ಎರಡು" ಎಂದು ನಿಲ್ಲಿಸಿ ನನ್ನ ಕಡೆ ನೋಡಿದರು. ತರಗತಿಯಲ್ಲಿ ಲೆಕ್ಕ ಬಿಡಿಸಿ ಸುಣ್ಣದ ಕಡ್ಡಿ ಕೆಳಗಿಡುವಾಗ ಇರುತ್ತಿದ್ದ ಮುಖವೇ ಅದು.

"ನಾನು ಮೊದಲು ಹೇಳಿದ ಮೂರು ಪದ?" ಎಂದರು ಡಾಕ್ಟರು. ಅಪ್ಪಯ್ಯ ಮೇಜಿನ ಮೇಲೆ ಬೆರಳಾಡಿಸಿದರು. ಒಂದೂ ಬರಲಿಲ್ಲ. ಅವರ ಕೈ ಇದ್ದದ್ದು ಮೇಜಿನ ಮೇಲೇ.

ಡಿಮೆನ್ಷಿಯಾ, ಆರಂಭದ ಹಂತ. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಎಷ್ಟು ಮನೆಗಳಲ್ಲಿ "ವಯಸ್ಸಾಯ್ತಲ್ಲ, ಮರೆವು ಸಹಜ" ಎಂದು ಸುಮ್ಮನಿರುತ್ತಾರೋ.

ನಾನು ಇನ್ನೊಂದು ಕಾಗದ ಕೇಳಿದೆ. ಇವರು ತಮ್ಮ ಆಸ್ತಿ ಏನೆಂದು ತಿಳಿದಿದ್ದಾರೆ, ಯಾರಿಗೆ ಏನು ಅಧಿಕಾರ ಕೊಡುತ್ತಿದ್ದೇನೆ ಎನ್ನುವುದನ್ನು ತಮ್ಮ ಮಾತಿನಲ್ಲೇ ವಿವರಿಸಿದ್ದಾರೆ ಎಂಬ ದೃಢೀಕರಣ. ಡಾಕ್ಟರು ನನ್ನನ್ನು ಹೊರಗೆ ಕಳಿಸಿ ಅಪ್ಪಯ್ಯನ ಜೊತೆ ಒಬ್ಬರೇ 20 ನಿಮಿಷ ಮಾತನಾಡಿ ಬರೆದುಕೊಟ್ಟರು. ನನ್ನನ್ನು ಹೊರಗೆ ಕಳಿಸಿದ್ದೇ ಅದರಲ್ಲಿ ದೊಡ್ಡದು. ಅಧಿಕಾರ ಪಡೆಯುವವಳು ಪಕ್ಕದಲ್ಲಿ ಕೂತು ಹೇಳಿಸಿದ ಮಾತಿಗೆ ಬೆಲೆ ಇರುವುದಿಲ್ಲ.

ಪತ್ರದಲ್ಲಿ ಉಳಿದದ್ದು, ಹೋದದ್ದು

ಆರು ಪುಟದ ಕರಡು ಮೂರಕ್ಕೆ ಇಳಿಯಿತು. ಇಳಿಸಿದ್ದು ಅಪ್ಪಯ್ಯನೇ. ಒಂದೊಂದು ಸಾಲನ್ನೂ ಓದಿಸಿ, ಇದು ಎಂತಕ್ಕೆ ಎಂದು ಕೇಳಿದರು. ಪಂಚಾಯತಿ ಕಂದಾಯ, ಮೆಸ್ಕಾಂ, ತಾಲ್ಲೂಕು ಕಚೇರಿಯ ಅರ್ಜಿಗಳು, ಪಹಣಿ ತಿದ್ದುಪಡಿ, ಪೋಡಿ (ಜಂಟಿ ಸರ್ವೆ ನಂಬರನ್ನು ಬೇರೆ ಮಾಡಿಸುವುದು), ಅಡಿಕೆಯನ್ನು ಮಂಡಿಗೆ ಹಾಕಿ ಹಣ ಪಡೆಯುವುದು, ವ್ಯಾಜ್ಯ ಬಂದರೆ ವಕೀಲರನ್ನು ನೇಮಿಸುವುದು, ಇವಿಷ್ಟು ಉಳಿದವು. ಕೊನೆಗೆ ಅವರೇ ಹೇಳಿ ಒಂದು ಸಾಲು ಬರೆಸಿದರು, ವಕೀಲರು ಅದಕ್ಕೆ ದಸ್ತಾವೇಜಿನ ಭಾಷೆ ಹಾಕಿದರು: "ಸದರಿ ಸ್ವತ್ತನ್ನು ಕ್ರಯ, ದಾನ, ಭೋಗ್ಯ, ಅಡಮಾನ, ವಿನಿಮಯ ಇತ್ಯಾದಿ ಯಾವುದೇ ರೀತಿಯಲ್ಲಿ ಪರಭಾರೆ ಮಾಡುವ ಅಧಿಕಾರ ನಿಮಗಿರುವುದಿಲ್ಲ."

ಅಣ್ಣನಿಗೆ ಇದು ಸರಿಬರಲಿಲ್ಲ. ಮುಂದೆ ಅಪ್ಪಯ್ಯ, ಅಮ್ಮ ಇಬ್ಬರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕಾದರೆ ತೋಟ ಮಾರಲೇಬೇಕಲ್ಲ, ಆಗ ಏನು ಮಾಡುತ್ತೀರಿ ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ದುರಾಸೆ ಇರಲಿಲ್ಲ, ದೂರದಲ್ಲಿರುವವನ ಆತಂಕ ಇತ್ತು. ಎರಡು ವಾರ ಫೋನಿನಲ್ಲಿ ಜಗಳವಾಡಿದೆವು. ಕೊನೆಗೆ ಅಪ್ಪಯ್ಯನೇ ಫೋನ್ ತೆಗೆದುಕೊಂಡು, "ಮಾರುವ ದಿನ ಬಂದರೆ ನಾನೇ ಸಹಿ ಹಾಕ್ತೇನೆ. ಹಾಕಲಿಕ್ಕೆ ಆಗದಿದ್ದರೆ ಮಾರೋದು ಬೇಡ, ಇದ್ದುಕೊಂಡಿರಲಿ" ಅಂದರು. ಅಲ್ಲಿಗೆ ಮುಗಿಯಿತು.

ಅಣ್ಣನನ್ನೂ ಜಂಟಿಯಾಗಿ ಸೇರಿಸಿದರೆ ಪ್ರತಿ ಅರ್ಜಿಗೂ ನ್ಯೂಜೆರ್ಸಿಯ ಸಹಿ ಬೇಕಾಗುತ್ತದೆ. ಹಾಗಾಗಿ ನಾನೊಬ್ಬಳೇ. ಬದಲಿಗೆ ನಾನು ಲೆಕ್ಕ ಕೊಡಬೇಕು. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಅಧಿಕಾರ ಪಡೆದವರ ಕರ್ತವ್ಯ ಎಂದು ಕರಾರು ಕಾಯ್ದೆಯ 213ನೇ ಕಲಮು ಹೇಳುತ್ತದೆ. ನಾವು ಅದನ್ನು ಕೇಳದೆಯೂ ಕೊಡಬೇಕೆಂದು ಬರೆಸಿದೆವು. ಆ ತಿಂಗಳಿಂದ ಒಂದು ಉದ್ದ ಪುಸ್ತಕ ಇಟ್ಟಿದ್ದೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ರಸೀದಿಗಳನ್ನು ಆಯಾ ಪುಟಕ್ಕೇ ಪಿನ್ ಮಾಡಿದ್ದು. ತಿಂಗಳ ಕೊನೆಗೆ ಪುಟದ ಫೋಟೋ ಅಣ್ಣನಿಗೆ ವಾಟ್ಸಾಪಿನಲ್ಲಿ ಹೋಗುತ್ತದೆ. ಮೊದಲ ಎರಡು ತಿಂಗಳು ಅವನು ಪ್ರಶ್ನೆ ಕೇಳಿದ. ಆಮೇಲೆ ಕೇಳಲಿಲ್ಲ. ಒಡಹುಟ್ಟಿದವರ ನಡುವೆ ಲೆಕ್ಕ ಎಂತಕ್ಕೆ ಎನ್ನುವವರಿದ್ದಾರೆ. ನಮ್ಮ ನಡುವಿನ ಮಾತು ಕೆಡದೆ ಉಳಿದದ್ದು ಆ ಪುಸ್ತಕದಿಂದ.

"ಇದನ್ನು ವಾಪಸ್ ತಗೊಳ್ಳಬಹುದಾ?" ಎಂದು ಅಪ್ಪಯ್ಯ ಕೇಳಿದ್ದರು. ಯಾವಾಗ ಬೇಕಾದರೂ. ಅಧಿಕಾರ ಪತ್ರ ನೋಂದಾಯಿಸಿದ ಕಚೇರಿಯಲ್ಲೇ ರದ್ದತಿ ಪತ್ರ ನೋಂದಾಯಿಸಿ ನನಗೂ, ಪತ್ರದ ಪ್ರತಿ ಕೊಟ್ಟಿರುವ ಕಚೇರಿಗಳಿಗೂ ತಿಳಿಸಬೇಕು. ರದ್ದಾದದ್ದು ಗೊತ್ತಿಲ್ಲದವರು ಹಳೆಯ ಪತ್ರ ನಂಬಿ ವ್ಯವಹರಿಸಿದರೆ ಅದಕ್ಕೆ ಅಪ್ಪಯ್ಯ ಬದ್ಧರಾಗಬೇಕಾಗುತ್ತದೆ. ಯಾವ ಕಚೇರಿಗೆ ಯಾವ ದಿನ ಪ್ರತಿ ಕೊಟ್ಟೆ ಎಂಬ ಪಟ್ಟಿ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿದೆ.

ನೋಂದಣಿಯ ದಿನ ಮೊದಲೇ ಸಮಯ ಕಾಯ್ದಿರಿಸಿ ಹೋದೆವು. ನಡೆಯಲಾಗದವರಾದರೆ ನೋಂದಣಿ ಕಾಯ್ದೆಯಲ್ಲಿ ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳುವ ಅವಕಾಶ ಇದೆ. ಅಪ್ಪಯ್ಯನಿಗೆ ಆಗ ಅದು ಬೇಕಾಗಲಿಲ್ಲ. ಹೆಬ್ಬೆಟ್ಟು, ಫೋಟೋ ಆದ ಮೇಲೆ ಸಬ್ ರಿಜಿಸ್ಟ್ರಾರ್ ಕತ್ತೆತ್ತಿ, "ಏನು ಪತ್ರ ಸಾರ್ ಇದು, ಗೊತ್ತಲ್ಲ?" ಎಂದು ಕೇಳಿದರು. ಅಪ್ಪಯ್ಯ ಹೇಳಿದರು: "ಮಗಳಿಗೆ ಕೆಲಸ ಕೊಟ್ಟಿದ್ದು, ತೋಟ ಕೊಟ್ಟಿದ್ದಲ್ಲ."

ಬ್ಯಾಂಕಿನಲ್ಲಿ ಕಲಿತದ್ದು

ನೋಂದಾಯಿತ ಪತ್ರ ಹಿಡಿದು ಪಿಂಚಣಿ ಬರುವ ಶಾಖೆಗೆ ಹೋದರೆ ಅವರು ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. ಮನೆಗೆ ಬಂದು ವಿಚಾರಿಸಿದರೆ ತಪ್ಪು ಅವರದಲ್ಲ. ಸರ್ಕಾರಿ ಪಿಂಚಣಿ ಜಮೆಯಾಗುವ ಖಾತೆಯನ್ನು ಅಧಿಕಾರ ಪತ್ರ ಪಡೆದವರು ನಡೆಸುವಂತಿಲ್ಲ ಎಂದೇ ನಿಯಮ. ಆದರೆ ಆ ಖಾತೆಯಿಂದ ಇನ್ನೊಂದು ಖಾತೆಗೆ ಹಣ ವರ್ಗಾಯಿಸಲು ಪಿಂಚಣಿದಾರರೇ ಸ್ಥಾಯಿ ಸೂಚನೆ ಕೊಡಬಹುದು. ಕೊನೆಗೆ ಮಾಡಿದ್ದು ಅದನ್ನೇ: ಅಪ್ಪಯ್ಯ ಮತ್ತು ಅಮ್ಮನ ಹೆಸರಿನಲ್ಲಿ "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂಬ ಷರತ್ತಿನ ಜಂಟಿ ಉಳಿತಾಯ ಖಾತೆ, ಪ್ರತಿ ತಿಂಗಳ 5ನೇ ತಾರೀಖು ಪಿಂಚಣಿಯ ಬಹುಪಾಲು ಅದಕ್ಕೆ ತಾನಾಗಿ ಹೋಗುವ ಹಾಗೆ. ಪತ್ರ ಬರೆಸುವ ಮೊದಲೇ ಬ್ಯಾಂಕಿಗೆ ಹೋಗಿ ಕೇಳಿದ್ದರೆ ಈ ಓಡಾಟ ತಪ್ಪುತ್ತಿತ್ತು.

ಜಂಟಿ ಠೇವಣಿಯಲ್ಲೂ ಒಂದು ಗಂಟು ಇದೆ. ಅವಧಿಗೆ ಮುಂಚೆ ಮುರಿಯಬೇಕಾದರೆ ಇಬ್ಬರ ಸಹಿ ಕೇಳುವ ಶಾಖೆಗಳಿವೆ. ಒಬ್ಬರೇ ಮುರಿಯಬಹುದು ಎಂಬ ಒಪ್ಪಿಗೆಯನ್ನು ಠೇವಣಿ ಇಡುವಾಗಲೇ ಬರೆದುಕೊಟ್ಟೆವು. ಸೊಸೈಟಿಯ ಬೆಳೆ ಸಾಲವನ್ನು ಆ ವರ್ಷದ ಅಡಿಕೆ ದುಡ್ಡಿನಲ್ಲಿ ಪೂರ್ತಿ ತೀರಿಸಿದೆವು. ಬಡ್ಡಿ ಇಲ್ಲದ ಸಾಲ ತೀರಿಸುವುದು ದಡ್ಡತನ ಎಂದು ಊರಲ್ಲಿ ಅಂದರು. ಆದರೆ ವರ್ಷ ವರ್ಷ ನವೀಕರಣಕ್ಕೆ ಅಪ್ಪಯ್ಯನೇ ಹೋಗಿ ಸಹಿ ಹಾಕಬೇಕಿತ್ತು, ಆ ಸಹಿಯನ್ನೇ ನಾವು ನೆಚ್ಚುವಂತಿರಲಿಲ್ಲ.

ಮನೆಯನ್ನು ಅಮ್ಮನಿಗೋ ನನಗೋ ದಾನಪತ್ರ ಮಾಡಿಬಿಡಿ ಎಂಬ ಸಲಹೆಯೂ ಬಂತು. ನಾನೇ ಬೇಡ ಅಂದೆ. ದಾನ ಕೊಟ್ಟ ಮೇಲೆ ಕೊಟ್ಟದ್ದೇ. ಪಾಲಕರು ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ವಾಪಸ್ ಪಡೆಯಲು ದಾರಿ ಇದೆ. ನಮ್ಮಲ್ಲಿ ಅದಕ್ಕೆ ಉಪವಿಭಾಗಾಧಿಕಾರಿಯ ಮುಂದೆ ಹೋಗಬೇಕು. ಹೆತ್ತವರು ಮಕ್ಕಳ ಮೇಲೆ ಅರ್ಜಿ ಹಿಡಿದು ನಿಲ್ಲುವ ಪ್ರಸಂಗವನ್ನು ಮೊದಲೇ ತಪ್ಪಿಸುವುದು ಮೇಲು. ಅಪ್ಪಯ್ಯ ವಿಲ್ ಬರೆದರು. ವಿಲ್‌ಗೆ ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ, ಆದರೂ ನೋಂದಾಯಿಸಿದೆವು. ಸಾಕ್ಷಿಗಳಲ್ಲಿ ಒಬ್ಬರು ಊರಿನ ಡಾಕ್ಟರು.

ಇನ್ನೊಂದು ಕಾಗದ ಯಾರೂ ಹೇಳದೆ ಅಪ್ಪಯ್ಯನೇ ಕೇಳಿ ಮಾಡಿಸಿದ್ದು. ಅತ್ತೆಯ 19 ದಿನ ನೋಡಿದವರು, "ನನಗೆ ಆ ಪೈಪು ಬೇಡ" ಅಂದರು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೇಲೆ ಇಡಬಾರದೆಂಬ ಮುಂಗಡ ಸೂಚನೆಗೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು, 2023ರಲ್ಲಿ ಕ್ರಮವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಪತ್ರ ನಿಂತ ದಿನ

ಒಂದೂಕಾಲು ವರ್ಷ ಎಲ್ಲವೂ ಸರಾಗವಾಗಿ ನಡೆಯಿತು. ನಮ್ಮ ಸರ್ವೆ ನಂಬರು ಪಕ್ಕದವರ ಜೊತೆ ಜಂಟಿಯಾಗಿತ್ತು. ಬೇರೆ ಮಾಡಿಸಲು ಅದೇ ಪತ್ರದ ಬಲದಿಂದ ಪೋಡಿಗೆ ಅರ್ಜಿ ಹಾಕಿದ್ದೆ.

2025ರ ಮೇ ತಿಂಗಳಲ್ಲಿ ಡಾಕ್ಟರು ಮತ್ತೆ ಪರೀಕ್ಷಿಸಿದರು. ಈ ಸಲ 93 ಬಂತು, ಮುಂದಕ್ಕೆ ಹೋಗಲಿಲ್ಲ. ರೋಗ ಮಧ್ಯಮ ಹಂತಕ್ಕೆ ಬಂದಿದೆ, ವ್ಯವಹಾರ ಅರ್ಥವಾಗುವ ಸ್ಥಿತಿಯಲ್ಲಿಲ್ಲ ಎಂದು ಬರೆದರು. ಜೂನ್‌ನಲ್ಲಿ ಸರ್ವೆಯವರ ನೋಟಿಸು ಬಂತು. ನಕ್ಷೆಗೆ ಒಪ್ಪಿಗೆಯ ಸಹಿ ಬೇಕು.

ಪತ್ರ ನನ್ನ ಚೀಲದಲ್ಲೇ ಇತ್ತು. ಮೊಹರು, ಫೋಟೋ, ಹೆಬ್ಬೆಟ್ಟು ಎಲ್ಲವೂ ಮೊದಲಿನ ಹಾಗೇ. ಕಚೇರಿಯಲ್ಲಿ ಯಾರೂ ನಿಮ್ಮ ತಂದೆಯ ಬುದ್ಧಿ ಸರಿಯಿದೆಯೇ ಎಂದು ಕೇಳುವುದಿಲ್ಲ. ಸಹಿ ಹಾಕಿದ್ದರೆ ಹತ್ತು ನಿಮಿಷದ ಕೆಲಸ. ನಾನು ಹಾಕಲಿಲ್ಲ. ನಾಳೆ ಪಕ್ಕದವರು ತಕರಾರು ತೆಗೆದರೆ ಆ ಸಹಿ ನಿಲ್ಲುವುದಿಲ್ಲ ಎಂಬುದು ಒಂದು. ಅಪ್ಪಯ್ಯ ನನಗೆ ಕೊಟ್ಟ ಕೆಲಸ ಮುಗಿದಿತ್ತು ಎಂಬುದು ಇನ್ನೊಂದು, ನನಗೆ ದೊಡ್ಡದು. ಅಧಿಕಾರ ಮುಗಿದ ಮೇಲೂ ಒಪ್ಪಿಸಿದ್ದನ್ನು ಹಾಳಾಗದಂತೆ ಕಾಯುವ ಹೊಣೆ 209ನೇ ಕಲಮಿನಲ್ಲಿ ಇದೆ. ಹೊಸ ವ್ಯವಹಾರಕ್ಕೆ ಸಹಿ ಹಾಕುವುದು ಅದರಲ್ಲಿ ಬರುವುದಿಲ್ಲ. ಸರ್ವೆ ಕಚೇರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ.

ಈ ಜಾಗದಲ್ಲಿ ನಮ್ಮ ಕಾನೂನು ಕುಟುಂಬಗಳನ್ನು ನಡುನೀರಿನಲ್ಲಿ ಬಿಡುತ್ತದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸುವ ಅಧ್ಯಾಯ ಇತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆಯಲ್ಲಿ ಚಿಕಿತ್ಸೆಗೆ ನಾಮನಿರ್ದೇಶಿತ ಪ್ರತಿನಿಧಿ ಇದ್ದಾರೆ, ಆಸ್ತಿಯ ಮಾತು ಬಿಟ್ಟುಹೋಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಎಂಬುದುಂಟು. ಇಲ್ಲವಾದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು. ಪ್ರಜ್ಞೆ ಇಲ್ಲದವರಿಗೆ ಪೋಷಕರನ್ನು ನೇಮಿಸುವ ಕ್ರಮವನ್ನು ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಬರೆದಿಟ್ಟಿದೆ: ಆಸ್ತಿಯ ಪೂರ್ಣ ವಿವರ, ವೈದ್ಯರ ಮಂಡಳಿಯ ಪರೀಕ್ಷೆ, ಕಂದಾಯ ಅಧಿಕಾರಿಯ ಭೇಟಿ, ವಾರಸುದಾರರಾಗುವವರೆಲ್ಲರನ್ನೂ ಅರ್ಜಿಯಲ್ಲಿ ಕಕ್ಷಿದಾರರಾಗಿ ಸೇರಿಸುವುದು, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ವರದಿ. ಇಷ್ಟನ್ನು ಬೆಂಗಳೂರಿಗೆ ಓಡಾಡಿ ಮಾಡುವ ಶಕ್ತಿ ಹಳ್ಳಿಯ ಎಷ್ಟು ಮನೆಗಳಿಗಿದೆ? ಬುದ್ಧಿ ತಿಳಿಯಾಗಿದ್ದಾಗ ಬರೆದುಕೊಟ್ಟ ಮಾತು ಮಂಜಾದ ಮೇಲೂ ನಡೆಯುವ ಹಾಗೆ, ದುರುಪಯೋಗಕ್ಕೆ ಕಾವಲನ್ನೂ ಇಟ್ಟು, ಒಂದು ಕಾಯ್ದೆ ಬರಲೇಬೇಕು.

ಅಧಿಕಾರ ಪತ್ರ ನಿಂತಿತು, ಮನೆ ನಿಲ್ಲಲಿಲ್ಲ. ಪ್ರತಿ ತಿಂಗಳ 5ಕ್ಕೆ ಹಣ ಜಂಟಿ ಖಾತೆಗೆ ಬರುತ್ತದೆ. ಅಮ್ಮ ಚೆಕ್ಕು ಬರೆಯುವುದನ್ನು ಕಲಿತಿದ್ದಾರೆ, ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ಒಮ್ಮೆ ನನ್ನ ಮುಖ ನೋಡುತ್ತಾರೆ. ಔಷಧಿ, ನೋಡಿಕೊಳ್ಳಲು ಬರುವ ಹೆಂಗಸಿನ ಸಂಬಳ, ಕೊನೆಗೌಡನ ಕೂಲಿ ಎಲ್ಲವೂ ಅದರಿಂದಲೇ. ನವೆಂಬರ್‌ನ ಜೀವನ ಪ್ರಮಾಣ ಪತ್ರ ಜಗಲಿಯ ಬೆಳಕಿನಲ್ಲಿ ಮುಖದ ಫೋಟೋ ಹಿಡಿದು ಫೋನಿನಲ್ಲೇ ಆಯಿತು. ಬಾಕಿ ಇರುವುದು ಪೋಡಿ ಒಂದೇ.

ಅದಕ್ಕಾಗಿ ಹೈಕೋರ್ಟಿನ ಅರ್ಜಿ ಸಿದ್ಧವಾಗುತ್ತಿದೆ. ಅಣ್ಣ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಒಪ್ಪಿಗೆಯ ಪ್ರಮಾಣ ಪತ್ರ ಕಳೆದ ವಾರ ಕೊರಿಯರಿನಲ್ಲಿ ಬಂತು. ಅಮ್ಮನದು ಆಗಿದೆ. ವಕೀಲರು ದಾಖಲೆಗಳನ್ನು ಜೋಡಿಸುವಾಗ ಮೊದಲಿಗೆ ಇಟ್ಟದ್ದು 2024ರ ಜನವರಿಯಲ್ಲಿ ಡಾಕ್ಟರು ಬರೆದುಕೊಟ್ಟ ಆ ಕಾಗದ. ಅದರ ಕೆಳಗೆ, ಮೂರು ಪುಟದ ಪತ್ರದ ಕೊನೆಯಲ್ಲಿ, ಅಪ್ಪಯ್ಯನ ಸಹಿ ಇದೆ. ಅವತ್ತು ಒತ್ತು ಪೂರ್ತಿ ಇಳಿದು, ಎಡಕ್ಕೆ ಬಳಸಿ, ಹೆಸರಿನ ಕೆಳಗೆ ಕೊನೆಯವರೆಗೂ ಹೋಗಿದೆ.